ಜಿಪಿಎಸ್ ಇಲ್ಲದೆ ತಾನೇ ಹಾರಿ ತಾನೇ ಇಳಿಯುವ ಡ್ರೋನ್: 35 ಸಾವಿರದ ಆಸುಪಾಸಿನಲ್ಲಿ ಸ್ಪರ್ಧೆಗೆ ಕಟ್ಟುವ ಬಗೆ

ಬೆಂಗಳೂರಿನಲ್ಲಿರುವ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ 2025ರ ವಿದ್ಯಾರ್ಥಿ ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಜಿಪಿಎಸ್ ನೆರವಿಲ್ಲದೆ ಹಾರುವ ಡ್ರೋನ್ ಕಟ್ಟುವ ಸವಾಲು ಕೊಟ್ಟಿತ್ತು. ಮಂಗಳ ಗ್ರಹದಲ್ಲಿ ಜಿಪಿಎಸ್ ಇಲ್ಲ ಎಂಬುದು ಅದರ ಹಿನ್ನೆಲೆ. ಒಳಾಂಗಣದಲ್ಲಿ ನಡೆಯುವ ಕಾಲೇಜು ಸ್ಪರ್ಧೆಗಳಲ್ಲೂ ತೊಂದರೆ ಇದೇ: ಚಾವಣಿಯ ಕೆಳಗೆ ಉಪಗ್ರಹದ ಸಿಗ್ನಲ್ ನಂಬುವಂತಿರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಗುರಿಯನ್ನು ಹೀಗೆ ಇಟ್ಟುಕೊಂಡಿದ್ದೇವೆ: ಡ್ರೋನ್ ತಾನೇ ಎರಡು ಮೀಟರ್ ಏರಬೇಕು, ನಿಂತಲ್ಲೇ ನಿಲ್ಲಬೇಕು, ನೆಲದ ಮೇಲಿನ ಅರುಕೋ ಮಾರ್ಕರ್ (ಕ್ಯಾಮೆರಾ ಗುರುತಿಸಬಲ್ಲ ಕಪ್ಪು-ಬಿಳಿ ಚೌಕದ ಗುರುತು) ಹುಡುಕಬೇಕು, ಅದರ ಮೇಲೆ ಇಳಿಯಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹೆಚ್ಚಿನ ತಂಡಗಳು ಸಮಯವನ್ನೆಲ್ಲ ಕ್ಯಾಮೆರಾ ಕೋಡ್ ಬರೆಯುವುದರಲ್ಲಿ ಕಳೆಯುತ್ತವೆ. ಆದರೆ ಡ್ರೋನ್ ಬೀಳುವುದು ಸಾಮಾನ್ಯವಾಗಿ ಮಾರ್ಕರ್ ಕಾಣದೆ ಅಲ್ಲ, ತಾನು ಯಾವ ಕಡೆಗೆ ಎಷ್ಟು ವೇಗದಲ್ಲಿ ಜಾರುತ್ತಿದ್ದೇನೆ ಎಂಬುದು ಅದಕ್ಕೇ ತಿಳಿಯದೆ. ಆ ಅರಿವನ್ನು ಕೊಡುವ ಕೆಲಸಕ್ಕೆ, ಅಂದರೆ ಕಂಪನ ತಗ್ಗಿಸುವುದಕ್ಕೆ, ಸೆನ್ಸರ್ ಸರಿಯಾಗಿ ಕೂರಿಸುವುದಕ್ಕೆ, ಲಾಗ್ (ಹಾರಾಟದ ದಾಖಲೆ) ಓದುವುದಕ್ಕೆ, ನಿಮ್ಮ ಅರ್ಧದಷ್ಟಾದರೂ ಸಮಯ ಮೀಸಲಿಡಿ.

ಮೊದಲು ತೂಕದ ಲೆಕ್ಕ

ಭಾಗಗಳನ್ನು ಕೊಳ್ಳುವ ಮೊದಲು ಕಾಗದದ ಮೇಲೆ ತೂಕ ಕೂಡಿ. ಎಫ್450 ಫ್ರೇಮ್ 280 ಗ್ರಾಂ, ನಾಲ್ಕು 2212 ಮೋಟರ್ ಸೇರಿ 220, ನಾಲ್ಕು ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಬೋರ್ಡ್) 100, ಪ್ರೊಪೆಲ್ಲರ್ 50, 5200 ಎಂಎಎಚ್ ಬ್ಯಾಟರಿ 380, ಫ್ಲೈಟ್ ಕಂಟ್ರೋಲರ್ (ಹಾರಾಟ ನಿಯಂತ್ರಿಸುವ ಮುಖ್ಯ ಬೋರ್ಡ್) ಮತ್ತು ಪವರ್ ಮಾಡ್ಯೂಲ್ 65, ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಕ್ಯಾಮೆರಾ, ರಿಸೀವರ್, ಸೆನ್ಸರ್ ಸೇರಿ 70, ಕಾಲು, ವೈರು, ಸ್ಕ್ರೂ ಎಲ್ಲ ಸೇರಿ 130. ಒಟ್ಟು 1,300 ಗ್ರಾಂ ಹತ್ತಿರ.

1000 ಕೆವಿ (ಹೊರೆಯಿಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಮೋಟರ್‌ಗೆ 1045 (ಹತ್ತು ಇಂಚಿನ) ಪ್ರೊಪೆಲ್ಲರ್ ಹಾಕಿ 3 ಸೆಲ್ ಬ್ಯಾಟರಿ ಕೊಟ್ಟರೆ ಒಂದೊಂದೂ ಸುಮಾರು 800 ಗ್ರಾಂ ಎತ್ತುತ್ತದೆ. ನಾಲ್ಕಕ್ಕೆ 3,200. ತೂಕದ ಎರಡು ಪಟ್ಟಿಗಿಂತ ಹೆಚ್ಚು ಥ್ರಸ್ಟ್ (ಎತ್ತುವ ಬಲ) ಇರಬೇಕು ಎಂಬ ಲೆಕ್ಕಕ್ಕೆ ಇದು ಆರಾಮವಾಗಿ ಹೊಂದುತ್ತದೆ. ಗಾಳಿಯಲ್ಲಿ ನಿಂತಿರಲು ಒಂದು ಮೋಟರ್‌ಗೆ ಮೂರೂವರೆಯಿಂದ ನಾಲ್ಕು ಆಂಪಿಯರ್ ಬೇಕು. ನಾಲ್ಕಕ್ಕೆ 16 ಎಂದುಕೊಳ್ಳಿ. ಬ್ಯಾಟರಿಯ ಶೇ 80ರಷ್ಟನ್ನು ಮಾತ್ರ ಬಳಸುವುದಾದರೆ 4.16 ಆಂಪಿಯರ್-ಗಂಟೆ, ಅಂದರೆ ಕಾಗದದ ಮೇಲೆ 15 ನಿಮಿಷ. ನಿಜವಾಗಿ ಹನ್ನೆರಡೇ ಸಿಗುತ್ತದೆ ಎಂದು ಯೋಜನೆ ಹಾಕಿ.

ಮೋಟರ್ ಕೊಳ್ಳುವಾಗ ಕೆವಿ ಅಂಕಿ ನೋಡಿಯೇ ಕೊಳ್ಳಿ. ನೋಡಲು ಒಂದೇ ತರಹದ 2212 ಮೋಟರ್ 1400 ಕೆವಿಯಲ್ಲೂ ಬರುತ್ತದೆ. ಅದಕ್ಕೆ ಹತ್ತು ಇಂಚಿನ ಪ್ರೊಪೆಲ್ಲರ್ ಹಾಕಿದರೆ ಕರೆಂಟ್ ವಿಪರೀತ ಎಳೆದು, ಕೆಲವೇ ನಿಮಿಷದಲ್ಲಿ ಸುರುಳಿ ಸುಟ್ಟ ವಾಸನೆ ಬರುತ್ತದೆ.

ಏನೇನು ಬೇಕು, ಎಷ್ಟಾಗುತ್ತದೆ

ಬೆಲೆಗಳು ಅಂದಾಜು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು, ಆನ್‌ಲೈನ್‌ನಲ್ಲಿ ಇನ್ನೊಂದು ಇರುತ್ತದೆ. ತಯಾರಾದ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದರೂ ಬಿಡಿಭಾಗಗಳ ಆಮದಿಗೆ ತಡೆಯಿಲ್ಲ. ಹಾಗಾಗಿ ಇವೆಲ್ಲ ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ.

- ಎಫ್450 ಫ್ರೇಮ್, ಎತ್ತರದ ಕಾಲುಗಳ ಸಮೇತ: 1,200
- 2212 ಮೋಟರ್, 920 ಅಥವಾ 1000 ಕೆವಿ, 4: 1,800
- 30 ಆಂಪಿಯರ್ ಇಎಸ್‌ಸಿ, 4: 1,800
- 1045 ಪ್ರೊಪೆಲ್ಲರ್, 6 ಜೊತೆ (ಹಾರಿಸಲು ಬೇಕಾದದ್ದು 2 ಜೊತೆ, ಉಳಿದವು ಮುರಿಯುವುದಕ್ಕೆ): 700
- 3 ಸೆಲ್ 5200 ಎಂಎಎಚ್ ಲೈಪೊ ಬ್ಯಾಟರಿ: 3,500
- ಪಿಕ್ಸ್‌ಹಾಕ್ 2.4.8 ಫ್ಲೈಟ್ ಕಂಟ್ರೋಲರ್, ಪವರ್ ಮಾಡ್ಯೂಲ್, ಬಝರ್, ಸೇಫ್ಟಿ ಸ್ವಿಚ್ ಸಮೇತ: 9,000
- ಎಂಟಿಎಫ್-01 ಆಪ್ಟಿಕಲ್ ಫ್ಲೋ (ನೆಲದ ಚಿತ್ರದಿಂದ ಚಲನೆ ಅಳೆಯುವ) ಮತ್ತು ದೂರ ಅಳೆಯುವ ಸೆನ್ಸರ್: 4,000
- ಕ್ಯೂಎಂಸಿ5883ಎಲ್ ದಿಕ್ಸೂಚಿ ಮಾಡ್ಯೂಲ್: 200
- ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು, 32 ಜಿಬಿ ಕಾರ್ಡ್: 2,200
- ಪೈ ಕ್ಯಾಮೆರಾ ಮಾಡ್ಯೂಲ್ 2 ಮತ್ತು ಝೀರೋಗೆ ಹೊಂದುವ ಕಿರಿದಾದ ರಿಬ್ಬನ್ ಕೇಬಲ್: 2,300
- ಫ್ಲೈಸ್ಕೈ ಐ6 ರಿಮೋಟ್, ಐಎ6ಬಿ ರಿಸೀವರ್: 5,000
- 5 ವೋಲ್ಟ್ 3 ಆಂಪಿಯರ್ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಮಾಡ್ಯೂಲ್): 300
- ಬ್ಯಾಲೆನ್ಸ್ ಚಾರ್ಜರ್: 1,800
- ವೈರು, ಎಕ್ಸ್‌ಟಿ60 ಕನೆಕ್ಟರ್, ಹೀಟ್ ಶ್ರಿಂಕ್, ಜಿಪ್ ಟೈ, ವೆಲ್ಕ್ರೊ ಪಟ್ಟಿ, ಎರಡು ಬದಿ ಅಂಟುವ ಫೋಮ್ ಟೇಪ್: 1,200

ಒಟ್ಟು 35,000. ಕಾಲೇಜಿನಲ್ಲಿ ಆಗಲೇ ರಿಮೋಟ್ ಮತ್ತು ಚಾರ್ಜರ್ ಇದ್ದರೆ 28 ಸಾವಿರಕ್ಕೆ ಮುಗಿಯುತ್ತದೆ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ಫ್ರೇಮ್, ಮೋಟರ್, ಇಎಸ್‌ಸಿಗಳಲ್ಲಿ ಅಗ್ಗದವು ನಡೆಯುತ್ತವೆ. ಫ್ಲೋ ಸೆನ್ಸರ್, ಬ್ಯಾಟರಿ, ಬಿಇಸಿಗಳಲ್ಲಿ ಉಳಿಸಬೇಡಿ. ಫ್ಲೋ ಸೆನ್ಸರ್ ಬದಲು ಪೈ ಕ್ಯಾಮೆರಾದಲ್ಲೇ ವೇಗ ಲೆಕ್ಕ ಹಾಕುತ್ತೇವೆ ಎಂದು ಹೊರಟರೆ ನಾಲ್ಕು ಸಾವಿರ ಉಳಿಯುತ್ತದೆ, ಆದರೆ ಒಂದು ಸೆಮಿಸ್ಟರ್ ಅದಕ್ಕೇ ಹೋಗುತ್ತದೆ.

ಪಿಕ್ಸ್‌ಹಾಕ್ 2.4.8 ಹಳೆಯ ವಿನ್ಯಾಸ. ಇದರ ಕೆಲವು ನಕಲು ಬೋರ್ಡ್‌ಗಳಲ್ಲಿ 1 ಎಂಬಿ ಫ್ಲ್ಯಾಶ್ ಮಾತ್ರ ಕೆಲಸ ಮಾಡುತ್ತದೆ. ಅದರಲ್ಲಿ ಆರ್ಡುಪೈಲಟ್‌ನ (ಡ್ರೋನ್ ಹಾರಿಸುವ ಫರ್ಮ್‌ವೇರ್) ಹಲವು ಸೌಲಭ್ಯಗಳನ್ನು ಕೈಬಿಟ್ಟಿರುತ್ತಾರೆ. 2 ಎಂಬಿ ಇರುವ ಬೋರ್ಡ್ ಬೇಕೆಂದೇ ಕೇಳಿ, ಎಫ್‌ಎಂಯುವಿ3 ಎಂಬ ಫರ್ಮ್‌ವೇರ್ ಹಾಕಿ. ಇನ್ನೂ ಎರಡು ಸಾವಿರ ಹಾಕಬಲ್ಲಿರಾದರೆ ಎಚ್743 ಚಿಪ್ ಇರುವ ಚಿಕ್ಕ ಬೋರ್ಡ್ ಕೊಳ್ಳುವುದು ಒಳ್ಳೆಯದು.

ಕಟ್ಟುವುದು

ಫ್ರೇಮ್‌ನ ಕೆಳ ತಟ್ಟೆಯೇ ವಿದ್ಯುತ್ ಹಂಚುವ ಬೋರ್ಡ್. ಇಎಸ್‌ಸಿಗಳ ಕೆಂಪು-ಕಪ್ಪು ವೈರುಗಳನ್ನು ಅದಕ್ಕೆ ಬೆಸೆಯಿರಿ. ತಟ್ಟೆಯ ತಾಮ್ರ ಶಾಖವನ್ನು ಬೇಗ ಹೀರುವುದರಿಂದ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಲದು, 60 ವ್ಯಾಟ್‌ನದು ಬೇಕು. ಬೆಸುಗೆ ಹೊಳೆಯದೆ ಮಂಕಾಗಿ, ಉಂಡೆಯಾಗಿ ಕೂತಿದ್ದರೆ ಅದು ಹಿಡಿದಿಲ್ಲ ಎಂದರ್ಥ. ಹಾರಾಟದ ನಡುವೆ ಬಿಡುವ ಬೆಸುಗೆ ಅದೇ.

ಮೋಟರ್‌ನ ಸ್ಕ್ರೂ ಉದ್ದ ನೋಡಿಕೊಳ್ಳಿ. ತೋಳಿನ ದಪ್ಪ ದಾಟಿ ಒಳಗೆ ಹೆಚ್ಚು ಹೋದರೆ ತುದಿ ಸುರುಳಿಗೆ ತಗಲುತ್ತದೆ. ಬಿಗಿ ಮಾಡಿದ ಮೇಲೆ ಮಲ್ಟಿಮೀಟರ್‌ನಲ್ಲಿ ಮೋಟರ್ ವೈರು ಮತ್ತು ಸ್ಕ್ರೂ ತಲೆಯ ನಡುವೆ ಬೀಪ್ ಬರುತ್ತದೆಯೇ ನೋಡಿ. ಬರಬಾರದು.

ಬ್ಯಾಟರಿ ಮೇಲ್ತಟ್ಟೆಯ ಮೇಲೆ, ನಡುವೆ ಬರಲಿ. ಫ್ಲೋ ಸೆನ್ಸರ್ ಮತ್ತು ಕ್ಯಾಮೆರಾ ಕೆಳಗೆ, ನೆಲ ನೋಡುತ್ತಾ, ಆದಷ್ಟು ಮಧ್ಯಕ್ಕೆ ಬರಲಿ. ಎಂಟಿಎಫ್-01 ನೆಲದಿಂದ 8 ಸೆಂಟಿಮೀಟರ್ ಮೇಲಿದ್ದರೆ ಮಾತ್ರ ಚಲನೆ ಅಳೆಯುತ್ತದೆ. ಎತ್ತರದ ಕಾಲು ಬೇಕೆಂದದ್ದು ಇದಕ್ಕೇ: ಗಿಡ್ಡ ಕಾಲಿನ ಡ್ರೋನ್ ಏರುವ ಮೊದಲ ಕ್ಷಣದಲ್ಲಿ ಕುರುಡಾಗಿರುತ್ತದೆ. ದಿಕ್ಸೂಚಿಯನ್ನು ಮೇಲೆ 10 ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಕಟ್ಟಿ. ಬ್ಯಾಟರಿ ವೈರಿನಲ್ಲಿ 16 ಆಂಪಿಯರ್ ಹರಿಯುವಾಗ ಅದರ ಸುತ್ತ ಏಳುವ ಕಾಂತಕ್ಷೇತ್ರ ಬೋರ್ಡ್‌ನೊಳಗಿನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತದೆ. ಆ ಒಳಗಿನದನ್ನು ಬಳಕೆಯಿಂದಲೇ ತೆಗೆದುಬಿಡಿ. ಕೆಂಪು-ಕಪ್ಪು ವೈರುಗಳನ್ನು ಹುರಿ ಹೊಸೆದಂತೆ ಸುತ್ತಿದರೆ ಈ ತೊಂದರೆ ಇನ್ನಷ್ಟು ತಗ್ಗುತ್ತದೆ.

ಪೈಗೆ ಪ್ರತ್ಯೇಕ ಬಿಇಸಿಯಿಂದಲೇ ಕರೆಂಟ್ ಕೊಡಿ. ಪಿಕ್ಸ್‌ಹಾಕ್‌ನ ಟೆಲಿಮೆಟ್ರಿ ಪೋರ್ಟ್‌ನಿಂದ 5 ವೋಲ್ಟ್ ಎಳೆದರೆ, ಕ್ಯಾಮೆರಾ ಚಾಲೂ ಆದ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಎರಡೂ ಒಟ್ಟಿಗೆ ರೀಸ್ಟಾರ್ಟ್ ಆಗಬಹುದು. ನೆಲ ಮಾತ್ರ, ಅಂದರೆ ಗ್ರೌಂಡ್ ವೈರು, ಇಬ್ಬರಿಗೂ ಒಂದೇ ಇರಬೇಕು.

ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ ನಡುವೆ ಕಾರಿನ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ ಹಾಕಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪ್ರಕಾಶವಾಗಿ ಉರಿಯುತ್ತದೆ, ಇಎಸ್‌ಸಿ ಉಳಿಯುತ್ತದೆ. ಮಿಣುಕಿ ಮಂಕಾದರೆ ಎಲ್ಲ ಸರಿ. ಇಪ್ಪತ್ತು ರೂಪಾಯಿಯ ಬಲ್ಬು ನಾಲ್ಕು ಇಎಸ್‌ಸಿ ಉಳಿಸುತ್ತದೆ.

ಪ್ರೊಪೆಲ್ಲರ್ ಹಾಕುವ ಮೊದಲು

ಮಿಷನ್ ಪ್ಲಾನರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಫರ್ಮ್‌ವೇರ್ ಹಾಕಿ, ಫ್ರೇಮನ್ನು ಕ್ವಾಡ್, ಎಕ್ಸ್ ಎಂದು ಆರಿಸಿ. ಆಕ್ಸೆಲರೋಮೀಟರ್, ದಿಕ್ಸೂಚಿ, ರಿಮೋಟ್ ಮೂರರ ಕ್ಯಾಲಿಬ್ರೇಷನ್ ಮುಗಿಸಿ. ಇದೇ ತಂತ್ರಾಂಶದ ಆರಂಭಿಕ ಪ್ಯಾರಾಮೀಟರ್ ಪುಟದಲ್ಲಿ ಪ್ರೊಪೆಲ್ಲರ್ 10 ಇಂಚು, ಬ್ಯಾಟರಿ 3 ಸೆಲ್ ಎಂದು ಕೊಟ್ಟರೆ ಫಿಲ್ಟರ್‌ಗಳ, ವೋಲ್ಟೇಜ್ ಮಿತಿಗಳ ಅಂಕಿಗಳನ್ನು ಅದೇ ತುಂಬುತ್ತದೆ. ಈ ಪುಟವನ್ನು ಬಿಟ್ಟು ಮುಂದೆ ಹೋಗಬೇಡಿ.

ಮೋಟರ್‌ಗಳ ಕ್ರಮ ತಪ್ಪುವುದು ಅತಿ ಸಾಮಾನ್ಯ. ಆರ್ಡುಪೈಲಟ್‌ನಲ್ಲಿ 1 ಮುಂದೆ ಬಲಕ್ಕೆ, 2 ಹಿಂದೆ ಎಡಕ್ಕೆ, 3 ಮುಂದೆ ಎಡಕ್ಕೆ, 4 ಹಿಂದೆ ಬಲಕ್ಕೆ. ಮೇಲಿನಿಂದ ನೋಡಿದಾಗ 1 ಮತ್ತು 2 ಅಪ್ರದಕ್ಷಿಣೆ, 3 ಮತ್ತು 4 ಪ್ರದಕ್ಷಿಣೆ. ಆದರೆ ಮೋಟರ್ ಟೆಸ್ಟ್ ಪುಟದ ಎ, ಬಿ, ಸಿ, ಡಿ ಬಟನ್‌ಗಳು ಈ ಸಂಖ್ಯೆಗಳ ಕ್ರಮದಲ್ಲಿಲ್ಲ. ಮುಂದಿನ ಬಲದಿಂದ ಶುರುವಾಗಿ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತವೆ. ಇದು ತಿಳಿಯದೆ ಸರಿಯಾಗಿದ್ದ ವೈರಿಂಗನ್ನೇ ಕಿತ್ತು ಬದಲಿಸುವವರು ಬಹಳ. ಮೋಟರ್ ತಿರುಗುವ ದಿಕ್ಕು ತಪ್ಪಿದ್ದರೆ ಅದರ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ.

ರಿಮೋಟ್ ಆಫ್ ಮಾಡಿದಾಗ ಏನಾಗಬೇಕು ಎಂಬುದನ್ನು ಈಗಲೇ ಹೊಂದಿಸಿ. ಜಿಪಿಎಸ್ ಇಲ್ಲದ ಡ್ರೋನ್ ಹೊರಟ ಜಾಗಕ್ಕೆ ಮರಳಲಾರದು, ಹಾಗಾಗಿ ರಿಮೋಟ್ ಫೇಲ್‌ಸೇಫ್ ಅನ್ನು 'ಯಾವಾಗಲೂ ಇಳಿ' ಎಂಬ 3ಕ್ಕೆ ಇಡಿ. ಫ್ಲೈಸ್ಕೈ ರಿಮೋಟ್‌ನಲ್ಲಿ ಫೇಲ್‌ಸೇಫ್ ಮೆನುವಿಗೆ ಹೋಗಿ, ಸಿಗ್ನಲ್ ಕಡಿದಾಗ ಥ್ರಾಟಲ್ 975ಕ್ಕಿಂತ ಕೆಳಗೆ ಇಳಿಯುವಂತೆ ನೀವೇ ಮಾಡಬೇಕು. ಮಾಡದಿದ್ದರೆ ರಿಸೀವರ್ ಕೊನೆಯ ಥ್ರಾಟಲ್ ಅಂಕಿಯನ್ನೇ ಕೊಡುತ್ತಾ ಕೂರಬಹುದು, ಸಿಗ್ನಲ್ ಹೋದದ್ದು ಡ್ರೋನ್‌ಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ 10.5 ವೋಲ್ಟ್‌ಗೆ ಬಂದರೆ ಇಳಿಯಲಿ. ರಿಮೋಟ್‌ನ ಒಂದು ಸ್ವಿಚ್‌ಗೆ 31ನೇ ಕಾರ್ಯವನ್ನು, ಅಂದರೆ ಎಲ್ಲ ಮೋಟರ್‌ಗಳನ್ನೂ ತಕ್ಷಣ ನಿಲ್ಲಿಸುವುದನ್ನು, ಕೊಡಿ. ಇವು ಮೂರೂ ಪ್ರೊಪೆಲ್ಲರ್ ಇಲ್ಲದೆ ಮೋಟರ್ ತಿರುಗಿಸಿ ಪರೀಕ್ಷೆಯಾಗಬೇಕು.

ಕೈಯಿಂದ ಹಾರಿಸಿ, ಲಾಗ್ ಓದಿ

ಸ್ವಯಂಚಾಲನೆಯ ಹಂಬಲದಲ್ಲಿ ಈ ಹಂತವನ್ನು ಹಾರಿಬಿಡಬೇಡಿ. ಸ್ಟೆಬಿಲೈಸ್ ಮೋಡ್‌ನಲ್ಲಿ ಒಂದು ಮೀಟರ್ ಎತ್ತಿ, ಅರ್ಧ ನಿಮಿಷ ನಿಲ್ಲಿಸಿ, ಇಳಿಸಿ. ಆಮೇಲೆ ಆಲ್ಟಿಟ್ಯೂಡ್ ಹೋಲ್ಡ್‌ನಲ್ಲಿ ಎರಡು ನಿಮಿಷ. ಈಗ ಲಾಗ್ ತೆಗೆದು ವೈಬ್ (ಕಂಪನ) ಗ್ರಾಫ್ ನೋಡಿ. ಮೂರೂ ಅಕ್ಷಗಳಲ್ಲಿ 30ರ ಕೆಳಗೆ ಇದ್ದರೆ ಸರಿ, 60 ದಾಟಿದರೆ ಮುಂದಿನ ಯಾವ ಹಂತವೂ ಫಲಿಸುವುದಿಲ್ಲ. ಕ್ಲಿಪ್ಪಿಂಗ್ (ಸೆನ್ಸರ್ ತನ್ನ ಅಳತೆಯ ಮಿತಿ ಮುಟ್ಟಿದ) ಎಣಿಕೆ ಸೊನ್ನೆಯಲ್ಲೇ ಇರಬೇಕು.

ಕಂಪನ ಹೆಚ್ಚಿದ್ದರೆ ಮೊದಲು ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿ: ನಡುವಿನ ತೂತಿಗೆ ನುಣುಪು ಕಡ್ಡಿ ಹಾಕಿ ಅಡ್ಡಡ್ಡ ಇಟ್ಟಾಗ ಯಾವ ಕಡೆ ಇಳಿಯುತ್ತದೋ ಅದರ ಎದುರು ಬದಿಗೆ ಚೂರು ಸೆಲ್ಲೋ ಟೇಪ್ ಅಂಟಿಸಿ. ಅಗ್ಗದ 1045ಗಳಲ್ಲಿ ಹೊಸ ಪ್ಯಾಕೆಟ್‌ನದೂ ಸಮತೂಕದಲ್ಲಿರುವುದಿಲ್ಲ. ಆಮೇಲೆ ಮೋಟರ್ ಶಾಫ್ಟ್ ಬಾಗಿದೆಯೇ ನೋಡಿ. ಕೊನೆಗೆ ಕಂಟ್ರೋಲರ್ ಕೆಳಗಿನ ಫೋಮ್. ಮೊದಲೇ ದಪ್ಪ ಫೋಮ್ ಹಾಕಿ ಕಂಪನವನ್ನು ಮುಚ್ಚಿಡುವುದು ತಪ್ಪು. ತೀರಾ ಮೆತ್ತಗಿದ್ದರೆ ಬೋರ್ಡೇ ಓಲಾಡುತ್ತದೆ.

ಎತ್ತರ ಒಂದೇ ಸಮನೆ ಏರಿಳಿಯುತ್ತಿದ್ದರೆ ಬಾರೋಮೀಟರ್ ಮೇಲೆ ಗಾಳಿಯೋ ಬೆಳಕೋ ಬೀಳುತ್ತಿದೆ ಎಂದು ಅನುಮಾನಿಸಿ. ಅದರ ಮೇಲೆ ತೆಳು ಸ್ಪಂಜಿನ ತುಂಡು ಇಡಿ. ಮುಚ್ಚಿದ ಹಾಲ್‌ನಲ್ಲಿ ಯಾರಾದರೂ ದೊಡ್ಡ ಬಾಗಿಲು ಹಾಕಿದಾಗಲೂ ಒತ್ತಡ ಬದಲಾಗಿ ಡ್ರೋನ್ ಕುಲುಕುತ್ತದೆ.

ಆಪ್ಟಿಕಲ್ ಫ್ಲೋ: ಇಡೀ ಕೆಲಸದ ಬೆನ್ನೆಲುಬು

ಫ್ಲೋ ಸೆನ್ಸರ್ ಎಂದರೆ ನೆಲದ ಚಿತ್ರ ಎಷ್ಟು ಜರುಗಿತು ಎಂದು ಅಳೆಯುವ ಚಿಕ್ಕ ಕ್ಯಾಮೆರಾ. ಕಂಪ್ಯೂಟರ್ ಮೌಸ್‌ನ ಹೊಟ್ಟೆಯಲ್ಲಿರುವುದರ ಬಂಧು. ಅದು ಕೊಡುವುದು ಕೋನದ ವೇಗ. ಎತ್ತರದಿಂದ ಗುಣಿಸಿದರೆ ಮಾತ್ರ ಮೀಟರ್ ಲೆಕ್ಕದ ವೇಗವಾಗುತ್ತದೆ. ಆದ್ದರಿಂದ ಎತ್ತರ ಅಳೆಯುವ ಲೇಸರ್ ಜೊತೆಗಿರಲೇಬೇಕು. ಮಂಗಳನ ಮೇಲೆ 2021ರ ಏಪ್ರಿಲ್ 19ರಂದು ಮೊದಲ ಬಾರಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಕೂಡ ಕೆಳಗೆ ನೋಡುವ ಕ್ಯಾಮೆರಾ, ಲೇಸರ್ ಎತ್ತರಮಾಪಕ, ಚಲನೆಯ ಸೆನ್ಸರ್ ಇವನ್ನೇ ನಂಬಿತ್ತು. 2024ರ ಜನವರಿ 18ರ ಅದರ 72ನೇ ಹಾರಾಟ ಕೊನೆಯದಾಯಿತು. ಕೆಳಗೆ ಗುರುತಿಲ್ಲದ ನುಣುಪು ಮರಳು ಮಾತ್ರ ಇದ್ದುದರಿಂದ ಕ್ಯಾಮೆರಾಗೆ ಹಿಡಿಯಲು ಏನೂ ಸಿಗದೆ ವೇಗದ ಅಂದಾಜು ತಪ್ಪಿತು ಎಂಬುದೇ ನಾಸಾ ಕೊಟ್ಟ ಅತಿ ಸಂಭವನೀಯ ಕಾರಣ. ನಿಮ್ಮ ಕಾಲೇಜಿನ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ನೆಲವೂ ಸೆನ್ಸರ್ ಕಣ್ಣಿಗೆ ಅಂಥ ಮರಳೇ.

ಜೋಡಿಸುವ ಕ್ರಮ ಹೀಗೆ:

1. ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್‌ನಿಂದ ಸೆನ್ಸರನ್ನು ಕಂಪ್ಯೂಟರ್‌ಗೆ ಹಾಕಿ, ಮೈಕೋಅಸಿಸ್ಟೆಂಟ್ ತಂತ್ರಾಂಶದಲ್ಲಿ ಪ್ರೋಟೋಕಾಲನ್ನು ಆರ್ಡುಪೈಲಟ್‌ನ ಮ್ಯಾವ್‌ಲಿಂಕ್‌ಗೆ (ಡ್ರೋನ್ ಭಾಗಗಳ ನಡುವಿನ ಸಂದೇಶ ಭಾಷೆ) ಬದಲಿಸಿ.
2. ಪಿಕ್ಸ್‌ಹಾಕ್‌ನ ಟೆಲಿಮೆಟ್ರಿ 1 ಪೋರ್ಟ್‌ಗೆ ಜೋಡಿಸಿ. ಸೀರಿಯಲ್ 1ರ ಪ್ರೋಟೋಕಾಲ್ 1, ಬಾಡ್ 115, ಆಪ್ಷನ್ಸ್ 1024.
3. ಫ್ಲೋ ಟೈಪ್ 5. ರೇಂಜ್‌ಫೈಂಡರ್ 1ರ ಟೈಪ್ 10, ದಿಕ್ಕು 25 (ಕೆಳಗೆ), ಗರಿಷ್ಠ ದೂರ 8 ಮೀಟರ್. ಹಳೆಯ ಫರ್ಮ್‌ವೇರ್‌ನಲ್ಲಿ ಇದನ್ನು ಸೆಂಟಿಮೀಟರ್‌ನಲ್ಲಿ, 800 ಎಂದು ಕೊಡಬೇಕು.
4. ಇಕೆಎಫ್3ರ (ಸೆನ್ಸರ್‌ಗಳ ಅಂಕಿ ಬೆರೆಸಿ ಸ್ಥಾನ, ವೇಗ ಅಂದಾಜಿಸುವ ಭಾಗ) ಮೊದಲ ಮೂಲಗಳ ಗುಂಪಿನಲ್ಲಿ ಅಡ್ಡ ಸ್ಥಾನ 0, ಅಡ್ಡ ವೇಗ 5 (ಆಪ್ಟಿಕಲ್ ಫ್ಲೋ), ಎತ್ತರ 1 (ಬಾರೋಮೀಟರ್), ಲಂಬ ವೇಗ 0, ದಿಕ್ಕು 1 (ದಿಕ್ಸೂಚಿ). ಜಿಪಿಎಸ್ ಟೈಪ್ 0.
5. ರೀಬೂಟ್ ಮಾಡಿ, ಸ್ಟೇಟಸ್ ಪುಟದಲ್ಲಿ ಫ್ಲೋ ಗುಣಮಟ್ಟ ಮತ್ತು ಎತ್ತರದ ಅಂಕಿ ಬರುತ್ತಿದೆಯೇ ನೋಡಿ.

ಸ್ಪರ್ಧೆಯ ನೆಲ ಪೂರ್ತಿ ಸಮತಟ್ಟಾಗಿದ್ದರೆ ಎತ್ತರದ ಮೂಲವನ್ನು 2ಕ್ಕೆ, ಅಂದರೆ ಲೇಸರ್‌ಗೆ ಇಡಬಹುದು. ಆಗ ಬಾರೋಮೀಟರ್‌ನ ಓಲಾಟ ತಪ್ಪುತ್ತದೆ. ದಾರಿಯಲ್ಲಿ ಪೆಟ್ಟಿಗೆಯೋ ಮೆಟ್ಟಿಲೋ ಇದ್ದರೆ ಮಾತ್ರ ಹಾಗೆ ಮಾಡಬೇಡಿ. ಪೆಟ್ಟಿಗೆಯ ಮೇಲೆ ಬಂದ ಕೂಡಲೇ ನೆಲವೇ ಎದ್ದು ಬಂತೆಂದು ತಿಳಿದು ಡ್ರೋನ್ ಮೇಲಕ್ಕೆ ನೆಗೆಯುತ್ತದೆ.

ಈಗ ಕ್ಯಾಲಿಬ್ರೇಷನ್. ಪ್ರೊಪೆಲ್ಲರ್ ತೆಗೆದು, ಡ್ರೋನನ್ನು ಕೈಯಲ್ಲಿ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಜಾಗ ಬದಲಿಸದೆ ಎಡ-ಬಲಕ್ಕೆ 15 ಡಿಗ್ರಿ ಹಲವು ಬಾರಿ ಓಲಾಡಿಸಿ, ಆಮೇಲೆ ಹಿಂದೆ-ಮುಂದೆ. ಲಾಗ್‌ನ ಓಎಫ್ ಸಾಲಿನಲ್ಲಿ ಫ್ಲೋ ಎಕ್ಸ್ ಮತ್ತು ಬಾಡಿ ಎಕ್ಸ್ ಗೆರೆಗಳು ಒಂದರ ಮೇಲೊಂದು ಕೂರಬೇಕು. ಗೆರೆಗಳ ಎತ್ತರ ಮಾತ್ರ ಬೇರೆಯಿದ್ದರೆ ಎಕ್ಸ್ ಸ್ಕೇಲರ್ ತಿದ್ದಿ. ಒಂದು ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ಸೆನ್ಸರ್ ತಿರುಗಿ ಕೂತಿದೆ, ಅದು ತಿರುಗಿರುವ ಕೋನದ ಪ್ಯಾರಾಮೀಟರ್ (ಓರಿಯೆಂಟ್ ಯಾ) ಸರಿಪಡಿಸಿ. ಇದನ್ನು ಬಿಟ್ಟು ಹಾರಿಸಿದರೆ ಡ್ರೋನ್ ತನ್ನ ಜಾರುವಿಕೆಯನ್ನು ತಿದ್ದಲು ಹೋಗಿ ಅದೇ ದಿಕ್ಕಿಗೆ ಇನ್ನೂ ಜೋರಾಗಿ ನುಗ್ಗಿ ಗೋಡೆಗೆ ಬಡಿಯುತ್ತದೆ. 90 ಡಿಗ್ರಿ ತಿರುಗಿ ಕೂತಿದ್ದರೆ ಸುತ್ತುತ್ತಾ ಸುತ್ತುತ್ತಾ ವೃತ್ತ ದೊಡ್ಡದಾಗುತ್ತಾ ಹೋಗುತ್ತದೆ. ಆ ವೃತ್ತ ಕಂಡರೆ ಬೇರೇನೂ ಹುಡುಕದೆ ಸೆನ್ಸರ್ ದಿಕ್ಕನ್ನೇ ನೋಡಿ.

ಹಾರಿಸುವಾಗ ಸೆಕೆಂಡಿಗೆ 2.5 ರೇಡಿಯನ್ ಎಂಬ ಫ್ಲೋ ಮಿತಿ ನೆನಪಿರಲಿ. ಅರ್ಧ ಮೀಟರ್ ಎತ್ತರದಲ್ಲಿ ಅದು ಸೆಕೆಂಡಿಗೆ 1.25 ಮೀಟರ್ ವೇಗ, ಎರಡು ಮೀಟರ್ ಎತ್ತರದಲ್ಲಿ 5 ಮೀಟರ್. ತಗ್ಗಿನಲ್ಲಿ ವೇಗವಾಗಿ ಹೋದಷ್ಟೂ ಸೆನ್ಸರ್ ತಬ್ಬಿಬ್ಬಾಗುತ್ತದೆ. ಕಡಿಮೆ ಎತ್ತರವೇ ಸುರಕ್ಷಿತ ಎಂಬ ಅನಿಸಿಕೆ ಇಲ್ಲಿ ತಪ್ಪು. ಒಂದೂವರೆಯಿಂದ ಎರಡು ಮೀಟರ್ ಒಳ್ಳೆಯ ಎತ್ತರ. ಬೆಳಕು 60 ಲಕ್ಸ್‌ಗಿಂತ ಹೆಚ್ಚಿರಬೇಕು. ಅಭ್ಯಾಸದ ಜಾಗದಲ್ಲಿ ನುಣುಪು ನೆಲವಿದ್ದರೆ ಚಿತ್ತಾರದ ಜಮಖಾನೆ ಹಾಸಿ ಅಥವಾ ಹಳೆಯ ಪತ್ರಿಕೆಗಳನ್ನು ಅಡ್ಡಾದಿಡ್ಡಿ ಅಂಟಿಸಿ. ಹಾಸಿದ್ದು ಪ್ರೊಪೆಲ್ಲರ್ ಗಾಳಿಗೆ ಏಳದಂತೆ ಅಂಚಿಗೆಲ್ಲ ಟೇಪ್ ಹಾಕಿ.

ಲಾಯ್ಟರ್ (ನಿಂತಲ್ಲೇ ನಿಲ್ಲುವ) ಮೋಡ್‌ನಲ್ಲಿ ರಿಮೋಟ್‌ನ ಕಡ್ಡಿಗಳನ್ನು ಮುಟ್ಟದೆ ಎರಡು ನಿಮಿಷ ನಿಲ್ಲಿಸಿದಾಗ ಡ್ರೋನ್ ಅರ್ಧ ಮೀಟರ್‌ನ ವೃತ್ತದೊಳಗೇ ಇದ್ದರೆ ಪೈ ಕಡೆ ಹೋಗಿ. ಇಲ್ಲದಿದ್ದರೆ ಇಲ್ಲೇ ನಿಲ್ಲಿ.

ರಾಸ್ಪ್‌ಬೆರಿ ಪೈ ಮತ್ತು ಕೋಡ್

ಪಿಕ್ಸ್‌ಹಾಕ್‌ನ ಟೆಲಿಮೆಟ್ರಿ 2ರ ಟಿಎಕ್ಸ್ ಪೈನ 10ನೇ ಪಿನ್‌ಗೆ, ಆರ್‌ಎಕ್ಸ್ 8ನೇ ಪಿನ್‌ಗೆ, ಗ್ರೌಂಡ್ 6ಕ್ಕೆ. ಎರಡೂ ಕಡೆ 3.3 ವೋಲ್ಟ್ ಸಿಗ್ನಲ್, ನಡುವೆ ಏನೂ ಬೇಡ. ಸೀರಿಯಲ್ 2ರ ಪ್ರೋಟೋಕಾಲ್ 2, ಬಾಡ್ 921. ಪೈನಲ್ಲಿ ಸೀರಿಯಲ್ ಕನ್ಸೋಲ್ ಆಫ್ ಮಾಡಿ ಸೀರಿಯಲ್ ಹಾರ್ಡ್‌ವೇರ್ ಮಾತ್ರ ಆನ್ ಇಡಿ, ಬ್ಲೂಟೂತ್ ಆಫ್ ಮಾಡಿ. ಬ್ಲೂಟೂತ್ ಬಿಟ್ಟುಕೊಟ್ಟರೆ ಮಾತ್ರ ಒಳ್ಳೆಯ ಯುಆರ್ಟ್ (ಸೀರಿಯಲ್ ಪೋರ್ಟ್) ನಿಮಗೆ ಸಿಗುತ್ತದೆ.

ಡ್ರೋನ್‌ಕಿಟ್ ಎಂಬ ಪೈಥಾನ್ ಲೈಬ್ರರಿ ಬಳಸುವ ಹಳೆಯ ಪಾಠಗಳು ಹೇರಳವಾಗಿವೆ. ಆದರೆ ಅದರ ನಿರ್ವಹಣೆ ನಿಂತುಹೋಗಿದ್ದು, ಪೈಥಾನ್ 3.10ರಿಂದಾಚೆಗೆ 'ಕಲೆಕ್ಷನ್ಸ್‌ನಲ್ಲಿ ಮ್ಯೂಟಬಲ್ ಮ್ಯಾಪಿಂಗ್ ಇಲ್ಲ' ಎಂಬ ದೋಷ ಕೊಡುತ್ತದೆ. ಪೈಮ್ಯಾವ್‌ಲಿಂಕನ್ನೇ ನೇರ ಬಳಸಿ. ಚಿತ್ರ ಗುರುತಿಸುವ ಓಪನ್‌ಸಿವಿ ಲೈಬ್ರರಿಯನ್ನು ಮೂಲದಿಂದ ಕಂಪೈಲ್ ಮಾಡಲು ಹೋಗಬೇಡಿ, 512 ಎಂಬಿ ಮೆಮೊರಿಯ ಪೈನಲ್ಲಿ ಅದು ಮುಗಿಯದ ಕೆಲಸ, ಆಪ್ಟ್‌ನಿಂದ ಹಾಕಿ. ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಬರುವುದು ಓಪನ್‌ಸಿವಿ 4.6. ಅರುಕೋ ಫಂಕ್ಷನ್‌ಗಳ ರೂಪ 4.7ರಲ್ಲಿ ಬದಲಾಯಿತು. ನೀವು ನೋಡಿ ಬರೆದ ಉದಾಹರಣೆ ಓಡದಿದ್ದರೆ ಮೊದಲ ಅನುಮಾನ ಆವೃತ್ತಿಯ ಮೇಲಿರಲಿ.

ಕೋಡನ್ನು ಆರ್ಡುಪೈಲಟ್‌ನ ಸಿಟ್ಲ್ ಸಿಮ್ಯುಲೇಟರ್‌ನಲ್ಲಿ ನೂರು ಬಾರಿ ಓಡಿಸಿ, ಆಮೇಲೆ ಡ್ರೋನ್‌ಗೆ ಹಾಕಿ. ಕೋಡ್‌ನ ರಚನೆ ಸರಳವಾಗಿರಲಿ: ಕಾಯು, ಏರು, ಹುಡುಕು, ಸಮೀಪಿಸು, ಇಳಿ ಎಂಬ ಐದು ಸ್ಥಿತಿ, ಪ್ರತಿಯೊಂದಕ್ಕೂ ಕಾಲಮಿತಿ. ಮಾರ್ಕರ್ 60 ಸೆಕೆಂಡಿನಲ್ಲಿ ಸಿಗದಿದ್ದರೆ ಇದ್ದಲ್ಲೇ ಇಳಿಯಬೇಕು.

ಗೈಡೆಡ್ ಮೋಡ್‌ಗೆ (ಕೋಡ್‌ನ ಆದೇಶದಂತೆ ಹಾರುವ ಮೋಡ್) ಸಂಬಂಧಿಸಿ ಹೊಸಬರು ಎಡವುವ ನಾಲ್ಕು ಜಾಗಗಳಿವೆ. ಜಿಪಿಎಸ್ ಇಲ್ಲದಾಗ ಇಕೆಎಫ್‌ಗೆ ಮೂಲಬಿಂದು ಗೊತ್ತಿರುವುದಿಲ್ಲ, ಆದ್ದರಿಂದ ಗೈಡೆಡ್‌ನಲ್ಲಿ ಆರ್ಮ್ ಆಗುವುದೇ (ಮೋಟರ್ ತಿರುಗಿಸಲು ಸಿದ್ಧವಾಗುವುದೇ) ಇಲ್ಲ. ಕೋಡ್ ಶುರುವಾದೊಡನೆ ಜಾಗತಿಕ ಮೂಲಬಿಂದು ಹೊಂದಿಸುವ ಸಂದೇಶ ಕಳಿಸಬೇಕು. ನಿಮ್ಮ ಊರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ ಸಾಕು. ಎರಡನೆಯದು, ಇಲ್ಲಿ ಕೆಳಗೆ ಎಂದರೆ ಧನ: ಎರಡು ಮೀಟರ್ ಮೇಲೆ ಎಂದರೆ ಝಡ್ ಬೆಲೆ ಋಣ 2. ಮೂರನೆಯದು, ವೇಗದ ಆದೇಶವನ್ನು ಒಮ್ಮೆ ಕೊಟ್ಟು ಸುಮ್ಮನಾದರೆ ಮೂರು ಸೆಕೆಂಡಿನಲ್ಲಿ ಡ್ರೋನ್ ನಿಂತುಬಿಡುತ್ತದೆ. ಸೆಕೆಂಡಿಗೆ ಹತ್ತು ಬಾರಿ ಕಳಿಸುತ್ತಿರಿ. ವೇಗ ಮಾತ್ರ ಬಳಸು ಎನ್ನುವ ಟೈಪ್ ಮಾಸ್ಕ್ 3527.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪೈಲಟ್ ಸ್ವಿಚ್ ತಿರುಗಿಸಿ ಲಾಯ್ಟರ್‌ಗೆ ಹೋದರೆ ಕೋಡ್ ಮತ್ತೆ ಗೈಡೆಡ್‌ಗೆ ಎಳೆಯಬಾರದು. ಪ್ರತಿ ಸುತ್ತಿನಲ್ಲೂ ಮೋಡ್ ಓದಿ, ಗೈಡೆಡ್ ಅಲ್ಲದಿದ್ದರೆ ಆದೇಶ ನಿಲ್ಲಿಸಿ 'ಕಾಯು' ಸ್ಥಿತಿಗೆ ಹೋಗುವಂತೆ ಬರೆಯಿರಿ. ನೀವೇ ಆದೇಶಿಸಿದ ಲ್ಯಾಂಡ್ ಮೋಡ್ ಒಂದನ್ನು ಮಾತ್ರ ಬಿಡಿ. 'ಗೈಡೆಡ್ ಆಗು' ಎಂದು ಪದೇ ಪದೇ ಕಳಿಸುವ ಲೂಪ್ ಇರುವ ಕೋಡನ್ನು ಜನರಿರುವ ಜಾಗದಲ್ಲಿ ಹಾರಿಸಲೇಬೇಡಿ.

ಮಾರ್ಕರ್ ನೋಡಿ ಇಳಿಯುವುದು

ಕ್ಯಾಮೆರಾ ಮಾಡ್ಯೂಲ್ 2ರ ಅಡ್ಡ ನೋಟ 62 ಡಿಗ್ರಿ. ಎರಡು ಮೀಟರ್ ಎತ್ತರದಿಂದ 2.4 ಮೀಟರ್ ಅಗಲದ ನೆಲ ಕಾಣುತ್ತದೆ. 640 ಪಿಕ್ಸೆಲ್ ಚಿತ್ರದಲ್ಲಿ 20 ಸೆಂಟಿಮೀಟರ್ ಮಾರ್ಕರ್‌ಗೆ 53 ಪಿಕ್ಸೆಲ್ ಸಿಗುತ್ತದೆ. 4x4 ಮಾರ್ಕರ್‌ನ ಅಂಚೂ ಸೇರಿ ಆರು ಮನೆಗಳಿಗೆ ತಲಾ 9. ಸಾಕು. ಐದು ಮೀಟರ್‌ನಿಂದ ಅದೇ ಮೂರೂವರೆ ಪಿಕ್ಸೆಲ್, ಗುರುತಿಸುವುದು ಅದೃಷ್ಟದ ಮಾತು. ಮಾರ್ಕರ್ ಸುತ್ತ ಬಿಳಿ ಅಂಚು ಇರಲೇಬೇಕು. ಲ್ಯಾಮಿನೇಷನ್ ಮಾಡಿಸಬೇಡಿ, ಟ್ಯೂಬ್‌ಲೈಟ್ ಅದರಲ್ಲಿ ಹೊಳೆದು ಅರ್ಧ ಮಾರ್ಕರ್ ಅಳಿಸಿಹೋಗುತ್ತದೆ.

ಇಲ್ಲೊಂದು ಬಲೆ ಇದೆ. ಪಿಕ್ಯಾಮೆರಾ2 ಲೈಬ್ರರಿಗೆ ಬರೀ 640x480 ಎಂದು ಕೇಳಿದರೆ ಅದು ಸೆನ್ಸರ್‌ನ ನಡುಭಾಗವನ್ನು ಮಾತ್ರ ಕತ್ತರಿಸಿ ಕೊಡುವ ಮೋಡ್ ಆರಿಸಬಹುದು. ನೋಟದ ಅಗಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ, 2.4 ಮೀಟರ್ ಬದಲು ಒಂದು ಮೀಟರ್ ಮಾತ್ರ ಕಾಣುತ್ತದೆ. ಸೆನ್ಸರ್ ಮೋಡನ್ನು 1640x1232 ಎಂದು ಸ್ಪಷ್ಟವಾಗಿ ಹೇಳಿ, ಆಮೇಲೆ 640x480ಕ್ಕೆ ಕುಗ್ಗಿಸಿ. ಕ್ಯಾಮೆರಾ ಕ್ಯಾಲಿಬ್ರೇಷನ್ ಕೂಡ ಇದೇ ಮೋಡ್‌ನಲ್ಲಿ ಆಗಬೇಕು.

ಎಕ್ಸ್‌ಪೋಷರ್ ಆಟೋ ಬಿಡಬೇಡಿ, 5 ಮಿಲಿಸೆಕೆಂಡ್‌ಗೆ ಕಟ್ಟಿಹಾಕಿ. ಡ್ರೋನ್ ಸೆಕೆಂಡಿಗೆ 60 ಡಿಗ್ರಿ ವಾಲುವಾಗ 10 ಮಿಲಿಸೆಕೆಂಡ್‌ನಲ್ಲಿ ಚಿತ್ರ ಆರು ಪಿಕ್ಸೆಲ್ ಬಳಿದಂತಾಗುತ್ತದೆ, 9 ಪಿಕ್ಸೆಲ್‌ನ ಮನೆಗೆ ಅದು ದೊಡ್ಡ ಪೆಟ್ಟು.

ಮಾರ್ಕರ್ ಸಿಕ್ಕ ಮೇಲೆ ಇಳಿಸುವ ಲೆಕ್ಕವನ್ನು ನೀವೇ ಬರೆಯುವ ಬದಲು ಆರ್ಡುಪೈಲಟ್‌ನ ಪ್ರಿಸಿಷನ್ ಲ್ಯಾಂಡಿಂಗ್ ಬಳಸಿ: ಎನೇಬಲ್ಡ್ 1, ಟೈಪ್ 1. ಪೈ ಮಾಡಬೇಕಾದ್ದು ಲ್ಯಾಂಡಿಂಗ್ ಟಾರ್ಗೆಟ್ ಸಂದೇಶದಲ್ಲಿ ಮಾರ್ಕರ್‌ನ ಅಡ್ಡ-ಉದ್ದ ಕೋನಗಳನ್ನು ಸೆಕೆಂಡಿಗೆ ಹತ್ತು ಬಾರಿಯಾದರೂ ಕಳಿಸಿ, ಲ್ಯಾಂಡ್ ಮೋಡ್‌ಗೆ ಬದಲಿಸುವುದು. ಡ್ರೋನ್ ವಾಲಿದ್ದಕ್ಕೆ ಸರಿದೂಗಿಸುವುದನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಚಿತ್ರ ಎಷ್ಟು ಹಳೆಯದು ಎಂದು ಗೊತ್ತಿರಬೇಕು. ಇಂಜೆನ್ಯುಯಿಟಿಯ ಆರನೇ ಹಾರಾಟದಲ್ಲಿ ಒಂದೇ ಒಂದು ಚಿತ್ರ ಕಳೆದುಹೋಗಿ, ಮುಂದಿನವುಗಳ ಸಮಯದ ಗುರುತೆಲ್ಲ ತಪ್ಪಿ, ಹೆಲಿಕಾಪ್ಟರ್ 20 ಡಿಗ್ರಿಗೂ ಹೆಚ್ಚು ಓಲಾಡಿತ್ತು. ನಿಮ್ಮ ಕೋಡ್‌ನಲ್ಲಿ ಹಳೆಯ ಚಿತ್ರಗಳು ಸರದಿಯಲ್ಲಿ ಕೂರದಂತೆ ಬಫರನ್ನು ಒಂದೆರಡಕ್ಕೆ ಇಳಿಸಿ, ಯಾವಾಗಲೂ ಕೊನೆಯದನ್ನೇ ಓದಿ. ಚಿತ್ರ ತೆಗೆದಾಗಿನಿಂದ ಸಂದೇಶ ಹೊರಡುವವರೆಗಿನ ಸಮಯ ಅಳೆದು ಲ್ಯಾಗ್ ಪ್ಯಾರಾಮೀಟರ್‌ನಲ್ಲಿ ಹಾಕಿ. ಡೀಫಾಲ್ಟ್ ಇರುವುದು 0.02 ಸೆಕೆಂಡ್, ಪೈ ಝೀರೋದ ವಿಳಂಬ ಅದಕ್ಕಿಂತ ಬಹಳ ಹೆಚ್ಚು. ಮಾರ್ಕರ್ ಮೇಲೆ ಬಂದು ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತಿದ್ದರೆ ಕಾರಣ ಬಹುಪಾಲು ಇದೇ.

30 ಸೆಂಟಿಮೀಟರ್‌ಗಿಂತ ಕೆಳಗಿಳಿದಾಗ 20 ಸೆಂಟಿಮೀಟರ್ ಮಾರ್ಕರ್ ಚೌಕಟ್ಟಿನಿಂದ ಹೊರಹೋಗುತ್ತದೆ. ನಿಯಮ ಬಿಟ್ಟರೆ ಪಕ್ಕದಲ್ಲೇ 5 ಸೆಂಟಿಮೀಟರ್‌ನ ಇನ್ನೊಂದು ಮಾರ್ಕರ್ ಇಡಿ. ಬಿಡದಿದ್ದರೆ ಕೊನೆಯ 30 ಸೆಂಟಿಮೀಟರನ್ನು ಫ್ಲೋ ಸೆನ್ಸರ್ ನಂಬಿ ನೇರ ಇಳಿಯಬೇಕು. ಮೊದಲ ಹಂತಗಳು ಗಟ್ಟಿಯಾಗಿದ್ದರೆ ಅದು ಕಷ್ಟವಲ್ಲ.

ಕಾನೂನು, ಬಲೆ, ಬ್ಯಾಟರಿ

1.3 ಕಿಲೋ ತೂಗುವ ಈ ಡ್ರೋನ್ 2021ರ ಡ್ರೋನ್ ನಿಯಮಗಳ ಪ್ರಕಾರ ಮೈಕ್ರೋ ವರ್ಗದ್ದು (250 ಗ್ರಾಂ ಮೇಲೆ, 2 ಕಿಲೋ ಒಳಗೆ). ಅದೇ ನಿಯಮಗಳ 42ನೇ ನಿಯಮ, ಸರ್ಕಾರಿ ಮಾನ್ಯತೆಯ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆ ಮತ್ತು ಪರೀಕ್ಷೆಗಾಗಿ ನೋಂದಣಿ ಸಂಖ್ಯೆ, ಪೈಲಟ್ ಪರವಾನಗಿಗಳಿಂದ ವಿನಾಯಿತಿ ಕೊಡುತ್ತದೆ. ಆದರೆ ಹಾರಾಟ ಹಸಿರು ವಲಯದಲ್ಲಿ, ಸಂಸ್ಥೆಯ ಆವರಣದೊಳಗೆ ಅಥವಾ ಅದರ ಹಿಡಿತದಲ್ಲಿರುವ ಬಯಲಿನಲ್ಲಿ ನಡೆಯಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಕಾಲೇಜು ಯಾವ ಬಣ್ಣದಲ್ಲಿದೆ ಎಂದು ಮೊದಲೇ ನೋಡಿ. ವಿಮಾನ ನಿಲ್ದಾಣದ ಹತ್ತಿರದ ಕಾಲೇಜುಗಳಿಗೆ ಇದು ಬರೀ ಔಪಚಾರಿಕತೆಯಲ್ಲ.

ಅಭ್ಯಾಸಕ್ಕೆ ಕ್ರಿಕೆಟ್ ನೆಟ್ ಒಳ್ಳೆಯ ಪಂಜರ. ಹತ್ತು ಇಂಚಿನ ಪ್ರೊಪೆಲ್ಲರ್ ಬೆರಳನ್ನು ಮೂಳೆಯವರೆಗೆ ಕತ್ತರಿಸಬಲ್ಲದು. ಆದ್ದರಿಂದ ಬ್ಯಾಟರಿ ಜೋಡಿಸಿರುವಾಗ ಬಲೆಯೊಳಗೆ ಯಾರೂ ಇರಬಾರದು, ಇರಲೇಬೇಕಾದರೆ ಪ್ರೊಪೆಲ್ಲರ್ ತೆಗೆದಿರಬೇಕು. ಒಬ್ಬರ ಕೈ ಸದಾ ರಿಮೋಟ್ ಮೇಲೆ, ಕಣ್ಣು ಡ್ರೋನ್ ಮೇಲೆ. ಅವರು ಲ್ಯಾಪ್‌ಟಾಪ್ ನೋಡುವುದಿಲ್ಲ.

ಬ್ಯಾಟರಿಯನ್ನು 1ಸಿ, ಅಂದರೆ 5.2 ಆಂಪಿಯರ್ ಮೀರದಂತೆ, ಬ್ಯಾಲೆನ್ಸ್ ವೈರು ಹಾಕಿಯೇ ಚಾರ್ಜ್ ಮಾಡಿ. ಹಾರಿಸದ ದಿನಗಳಲ್ಲಿ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಊದಿಕೊಂಡದ್ದನ್ನು ಬಳಸಬೇಡಿ. ಸ್ಪರ್ಧೆಗೆ ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಇದರ ಶಕ್ತಿ 57.7 ವ್ಯಾಟ್-ಅವರ್, 100ರ ಮಿತಿಯೊಳಗೇ ಇದೆ.

ಸ್ಪರ್ಧೆಯ ವಾರ

ಎರಡು ದಿನ ಮೊದಲೇ ಕೋಡ್ ಬದಲಾವಣೆ ನಿಲ್ಲಿಸಿ. ಎಸ್‌ಡಿ ಕಾರ್ಡ್‌ನ ಪೂರ್ತಿ ಪ್ರತಿಯೊಂದನ್ನು ಇನ್ನೊಂದು ಕಾರ್ಡಿಗೆ ತೆಗೆದು ಚೀಲದಲ್ಲಿಡಿ, ಪ್ಯಾರಾಮೀಟರ್ ಫೈಲನ್ನೂ ಉಳಿಸಿಕೊಳ್ಳಿ. ಕೋಡ್ ಶುರುವಾಗಲು ವೈಫೈ ಬೇಕಾಗುವಂತೆ ಇಡಬೇಡಿ: ಪೈ ಝೀರೋಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಸಭಾಂಗಣದಲ್ಲಿ ನೂರು ಮೊಬೈಲ್‌ಗಳು ಅದೇ ಬ್ಯಾಂಡ್‌ನಲ್ಲಿರುತ್ತವೆ, ನಿಮ್ಮ ರಿಮೋಟ್ ಕೂಡ. ಪೈ ಆನ್ ಆದೊಡನೆ ಪ್ರೋಗ್ರಾಂ ಸಿಸ್ಟಮ್‌ಡಿಯಿಂದ ತಾನೇ ಓಡಲಿ, ಪೈಲಟ್ ಗೈಡೆಡ್‌ಗೆ ಸ್ವಿಚ್ ಹಾಕುವುದೇ ಆರಂಭದ ಸೂಚನೆಯಾಗಿರಲಿ.

ಪ್ರತಿ ಹಾರಾಟದ ಮೊದಲು ಪೈನ 'ಗೆಟ್ ಥ್ರಾಟಲ್ಡ್' ಆದೇಶ ಓಡಿಸಿ. 0x0 ಬಂದರೆ ಸರಿ. 0x50000 ಬಂದರೆ ಎಲ್ಲೋ ವೋಲ್ಟೇಜ್ ಕುಸಿದಿತ್ತು, ಬಿಇಸಿಯ ವೈರು ಅಲುಗಾಡಿಸಿ ನೋಡಿ. ಮೈದಾನಕ್ಕೆ ಹೋದ ಕೂಡಲೇ ಆ ಜಾಗದಲ್ಲೇ ದಿಕ್ಸೂಚಿ ಪರೀಕ್ಷಿಸಿ: ಡ್ರೋನನ್ನು ಹೊರಡುವ ಗುರುತಿನ ಮೇಲಿಟ್ಟು, ಅದೇ ದಿಕ್ಕಿಗೆ ಮುಖ ಮಾಡಿಸಿಕೊಂಡು ಒಂದು ಮೀಟರ್ ಎತ್ತಿದಾಗ ಅಂಕಿ ಹತ್ತು ಡಿಗ್ರಿಗಿಂತ ಹೆಚ್ಚು ಬದಲಾದರೆ ಕೆಳಗಿನ ಕಾಂಕ್ರೀಟ್‌ನಲ್ಲಿ ಕಬ್ಬಿಣ ಇದೆ. ಅರ್ಧ ಮೀಟರ್ ಸರಿಸಿ ನಿಲ್ಲಿಸಲು ಆಯೋಜಕರ ಅನುಮತಿ ಕೇಳಿ. ಅನುಮತಿ ಸಿಗದಿದ್ದರೆ ಥರ್ಮಾಕೋಲ್ ಪೆಟ್ಟಿಗೆಯ ಮೇಲಿಂದ ಏರಿಸಬಹುದೇ ಎಂದು ಕೇಳಿ. ಸರಿ ಎಂದರೆ ಎತ್ತರದ ಮೂಲವನ್ನು ಬಾರೋಮೀಟರ್‌ಗೆ ಮರಳಿಸಲು ಮರೆಯಬೇಡಿ. ಪೆಟ್ಟಿಗೆಯ ಅಂಚು ದಾಟುತ್ತಿದ್ದಂತೆ ಲೇಸರ್‌ನ ಅಂಕಿ ಒಮ್ಮೆಲೇ ಹಾರುತ್ತದೆ.